ಪಾಸ್

ಇಪ್ಪತ್ತೆಂಟು ವರ್ಷ ಒಂದೇ ಶಬ್ದ ಕೂಗಿದೆ
ಕಾರವಾರ-ಅಂಕೋಲಾ ಬಸ್ಸಿನಲ್ಲಿ:
ಪಾಸ್, ಪಾಸ್, ಯಾರ್ರೀ ಪಾಸ್?
ಕೂಗಿ ಕೂಗಿ ಅದರ ಅರ್ಥ
ನಾಲ್ಕಾಣೆಯ ಸಿಂಹದ ಮುಖದಂತೆ ಸವೆಯಿತು.

ಹಳಿಯಾಳದಲ್ಲಿ ಹಾಗಿರಲಿಲ್ಲ.
ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದಾಗ
ಅಪ್ಪ ಅರ್ಧ ಕಿಲೋ ಪೇಢೆ ತಂದು
ಮುಕ್ಕಾಲು ಓಣಿಗೆ ಹಂಚಿದ.
ಗಣಿತಕ್ಕೆ ಮೂವತ್ತೈದು ಎಂದು ಯಾರಿಗೂ ಹೇಳಲಿಲ್ಲ.
"ಪಾಸಂದ್ರ ಪಾಸು. ಅದರಾಗ ಸಣ್ಣದು ದೊಡ್ಡದು ಇರಂಗಿಲ್ಲ."

ಇಲ್ಲಿಯ ಡಿಪೋಕ್ಕೆ ಬಂದ ಮೇಲೆ
ಸಂಜೆ ಮರಳಿನಲ್ಲಿ ವಾಲಿಬಾಲು.
ಮೆಕಾನಿಕ್ ಇನಾಸ್ ಕೂಗಿದ, ಪಾಸ್ ಕೊಡೋ, ಪಾಸ್!
ನಾನು ಮುಷ್ಟಿ ಬಿಗಿದು ಹೊಡೆದೆ, ಚೆಂಡು ನೇರ ಸಮುದ್ರಕ್ಕೆ.
ಪಾಸನ್ನು ನೋಡುವುದಷ್ಟೇ ಅಲ್ಲ, ಕೊಡುವುದೂ ಉಂಟು
ಎಂದು ಆ ದಿನ ತಿಳಿಯಿತು,
ಒದ್ದೆ ಚೆಂಡನ್ನು ತೊಡೆಗೆ ಒರೆಸುತ್ತ.

ಶೇಂಗಾ ಮಾರುವ ಹುಡುಗನ ಬುಟ್ಟಿಯಲ್ಲಿ ಟೈಂಪಾಸು,
ಆರ್‌ಟಿಒ ಮೈದಾನದಲ್ಲಿ ಲಾರಿಗಳ ಪಾಸಿಂಗು.
ನನ್ನ ಮೆಡಿಕಲ್ ಬಿಲ್ಲು ಮಾತ್ರ
ಶಿರಸಿಯ ವಿಭಾಗೀಯ ಕಚೇರಿಯಲ್ಲಿ
ಪಾಸಾಗದೆ ಒಂದಿಡೀ ಮಳೆಗಾಲ ಮಲಗಿತ್ತು.

ಆ ಬಿಲ್ಲು ಅಪೆಂಡಿಕ್ಸಿನದು.
ಹೊಟ್ಟೆ ಕೊಯ್ಸಿಕೊಂಡು ಬಿದ್ದವನ ಬಳಿ
ಮೂರು ಹೊತ್ತೂ ಬಂದು ಸಿಸ್ಟರ್ ಕ್ಲೆಮೆಂಟಿನಾ
ಇಡೀ ವಾರ್ಡಿಗೆ ಕೇಳುವಂತೆ,
"ಗ್ಯಾಸ್ ಪಾಸಾಯ್ತಾ?"
ಊರವರನ್ನೆಲ್ಲ ಕೇಳುತ್ತ ಬಂದವನು ನಾನು.
ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ.
ಮೂರನೇ ದಿನ, ತೋರಿಸಲು ಬಾರದ ಆ ಪಾಸಿಗೆ
ಪಕ್ಕದ ಮಂಚದವನೇ ಸಾಕ್ಷಿ ಹೇಳಿದ.

ಅವನು ಹೋದದ್ದು ಅದೇ ರಾತ್ರಿ.
"ಪಾಸ್ಡ್ ಅವೇ" ಎಂದರು ಡಾಕ್ಟರು, ಮೆಲ್ಲಗೆ.
"ಪಾಸಾ? ಹಾಗಾರೆ ಮನೆಗೆ ಕರ್ಕಂಡು ಹೋಗ್ಲಕ್ಕಾ?"
ಅವನ ಮಗಳು ಕೇಳಿದಳು.
ನಾನು ಗೋಡೆಯ ಕಡೆ ಹೊರಳಿದೆ. ಹೊಲಿಗೆ ಜಗ್ಗಿತು.

ಹೇಳಹೊರಟಿದ್ದು ಇದಲ್ಲ, ಕುಸಲಿಯ ವಿಷಯ.
ಹರಿಕಂತ್ರರ ಮುದುಕಿ.
ನೌಕಾನೆಲೆಯ ಗೋಡೆಯೊಳಗೆ ಸೇರಿಹೋದ ಕೇರಿಯವಳು.
ಪರಿಹಾರ ಪಾಸ್‌ಬುಕ್ಕಿಗೆ ಬಂತು,
ಪಾಸ್‌ಬುಕ್ಕಿನಿಂದ ಹೋಯಿತು.
ಒಳಗೆ ಉಳಿದದ್ದು ಒಂದು ಬಿಂಬಲದ ಮರ.

ಗೇಟಿನಲ್ಲಿ ಕಾವಲಿನ ಹುಡುಗ, ಯಾವ ಸೀಮೆಯವನೋ,
"ಪಾಸ್ ಹೈ?" ಎನ್ನುತ್ತಿದ್ದ.
ಅವನ ಮಾತಿನಲ್ಲಿ ಪಾಸ್ ಅಂದರೆ ಹತ್ತಿರ ಎಂದೂ ಆಗುತ್ತದಂತೆ.
ಪಾಸ್ ಇಲ್ಲದೆ ಪಾಸ್ ಬರಬೇಡ ಎಂದು ಗದರಿದರೆ
ಕುಸಲಿ ಅವನಿಂದಲೇ ಕಲಿತು ಅವನಿಗೇ ಹೇಳಿದಳು,
ಗೋಡೆಯ ಮೇಲಿಂದ ಕಾಣುವ ತುದಿಕೊಂಬೆಗೆ ಬೆರಳು ಮಾಡಿ:
"ಪಾಸೇ ಅದೆಯಲ್ಲಾ ತಮಾ."

ಅರ್ಜಿ ಬರೆದದ್ದು ನಾನು,
ಬಾನೆಟ್ಟಿನ ಬಿಸಿಯ ಮೇಲೆ ಕಾಗದ ಇಟ್ಟು.
ಭೇಟಿಯ ಉದ್ದೇಶ ಎಂಬಲ್ಲಿ
"ಬಿಂಬಲ ಅಂತ ಬರಿ" ಎಂದಳು. ಬರೆದೆ.
ಓದಿ ಯಾವ ಸಾಹೇಬರು ನಕ್ಕರೋ,
ನಾಲ್ಕು ತಿಂಗಳಿಗೆ ಪಾಸಾಯಿತು ಪಾಸು.

ಆ ಸಂಜೆ ಐದೂಕಾಲರ ಟ್ರಿಪ್ಪಿಗೆ
ಉಡಿ ತುಂಬ ಹಸಿರು ಕಾಯಿ ಕಟ್ಟಿಕೊಂಡು ಹತ್ತಿದಳು.
ಹೆಂಗಸರಿಗೂ ಟಿಕೆಟ್ ಇದ್ದ ಕಾಲ.
ಪಾಸ್, ಪಾಸ್ ಎನ್ನುತ್ತ ಬಂದೆ.
ಸೊಂಟದ ಗಂಟು ಬಿಚ್ಚಿ, ಮಡಿಕೆ ಬಿಡಿಸಿ, ತೋರಿಸಿದಳು:
ಲಂಗರಿನ ಸೀಲು, ಒಬ್ಬರಿಗೆ, ಒಂದು ದಿನ,
ಬೆಳಿಗ್ಗೆ ಹತ್ತರಿಂದ ನಾಲ್ಕು.

ಇದು ಅದಲ್ಲ ಅಜ್ಜಿ ಎನ್ನಬೇಕಿತ್ತು.
ಹಿಂದಿನ ಸೀಟಿನ ಕಾಲೇಜು ಹುಡುಗರು
ಏನು ಮಾಡುತ್ತಾನೆ ನೋಡೋಣ ಎಂಬಂತೆ ಕುತ್ತಿಗೆ ಚಾಚಿದ್ದರು.
ಪಂಚು ತೆಗೆದೆ,
ಅಂಚಿನಲ್ಲಿ ಒಂದು ಸಣ್ಣ ತೂತು ಮಾಡಿ ಮರಳಿಸಿದೆ.
ನಾಲ್ಕೂವರೆ ರೂಪಾಯಿ
ನನ್ನ ಕಿಸೆಯಿಂದ ಚೀಲಕ್ಕೆ ಬಿತ್ತು.

ಅವಳು ಕೊಟ್ಟ ಮೂರರಲ್ಲಿ ಒಂದನ್ನು
ಹಸೀದೇ ಕಚ್ಚಿದೆ. ಹುಳಿಗೆ ಎರಡೂ ಕಣ್ಣು ಮುಚ್ಚಿದವು.
ಬಿಣಗಾದ ತಿರುವಿನಲ್ಲಿ
ಎದುರು ಬಂದ ಅದಿರಿನ ಲಾರಿಗೆ ದಾರಿ ಬಿಟ್ಟು
ಡ್ರೈವರ್ ಬಸ್ಸನ್ನು ಅಂಚಿಗೆ ಒತ್ತಿ ನಿಲ್ಲಿಸಿದ.
ಕಿಟಕಿಯ ಬಳಿ ಯಾರೋ ಹೇಳುತ್ತಿದ್ದರು,
ಪಾಸಾಗ್ಲಿ, ತಡಿ, ಮೊದಲು ಅದು ಪಾಸಾಗ್ಲಿ.